ಶಿರಸಿ ಮನೆಯಲ್ಲಿ ಲಸಾನ್ಯಾ: ಮೊದಲು ನೀರಿಳಿಸಿ

ಪಾಸ್ತಾ ಹಾಳೆ, ಸಾಸು, ಚೀಸು ಪದರ ಪದರ ಜೋಡಿಸಿ ಬೇಯಿಸುವ ಇಟಲಿಯ ಅಡುಗೆ ಲಸಾನ್ಯಾ. ಅದನ್ನು ಮಾಡಬೇಕು ಅಂತ ಹೊರಟವರು ನನ್ನ ಹತ್ತಿರ ಮೊದಲು ಕೇಳುವುದು ಯಾವ ಓವನ್ ತಗೊಳ್ಳಲಿ ಅಂತ. ಓವನ್ ಆಮೇಲಿನ ಮಾತು. ನಮ್ಮ ಕಡೆ ಈ ಅಡುಗೆ ಕೆಡುವುದು ಜಾಸ್ತಿ ನೀರಿನಿಂದ. ಟೊಮೆಟೊ ನೀರು ಬಿಡುತ್ತದೆ, ಪಾಲಕ್ ಬಿಡುತ್ತದೆ, ಚೀಸೂ ಬಿಡುತ್ತದೆ. ಮಳೆಗಾಲದಲ್ಲಂತೂ ಡಬ್ಬಿಯೊಳಗಿನ ಹಿಟ್ಟು ಕೂಡ ತೇವ ಹಿಡಿದಿರುತ್ತದೆ. ಅಷ್ಟನ್ನೂ ಹಾಗೇ ಪದರ ಪದರ ಜೋಡಿಸಿ ಬೇಯಿಸಿದರೆ ತಟ್ಟೆಗೆ ಬರುವುದು ಸಾರು. ಒಂದೊಂದರದ್ದೂ ನೀರು ಮೊದಲೇ ಇಳಿಸಿಟ್ಟುಕೊಳ್ಳಿ. ಮುಂದಿನದು ಸುಲಭ.

ಹಾಳೆಯಿಂದ ಶುರು ಮಾಡೋಣ. ಇಟಲಿಯ ಬೊಲೋನ್ಯಾ ಊರಿನ ಕಡೆಯವರು ನುಣುಪಾದ ಗೋಧಿ ಹಿಟ್ಟಿಗೆ ಮೊಟ್ಟೆ ಹಾಕಿ ಕಲಸುತ್ತಾರೆ. 100 ಗ್ರಾಂ ಹಿಟ್ಟಿಗೆ ಒಂದು ಮೊಟ್ಟೆ ಅವರ ಲೆಕ್ಕ. ಮೊಟ್ಟೆ ಒಳಗೆ ತಾರದ ನಮ್ಮಂಥ ಮನೆಯವರು ಅದಕ್ಕೆ ಬೇಜಾರಾಗಬೇಕಿಲ್ಲ. ಇಟಲಿಯ ದಕ್ಷಿಣದಲ್ಲಿ ಡ್ಯೂರಮ್ ಅನ್ನುವ ಗಟ್ಟಿ ಜಾತಿಯ ಗೋಧಿಯ ಹಿಟ್ಟು ಮತ್ತು ನೀರು, ಇಷ್ಟರಲ್ಲೇ ಪಾಸ್ತಾ ಮಾಡುತ್ತಾರೆ. ಅಲ್ಲಿ ಅಂಗಡಿಯ ಒಣ ಪಾಸ್ತಾ ಡ್ಯೂರಮ್ ಗೋಧಿಯದ್ದೇ ಆಗಬೇಕು ಅಂತ 1967ರಲ್ಲಿ ಕಾನೂನನ್ನೇ ಮಾಡಿದ್ದಾರೆ. ನಾವು ಉಪ್ಪಿಟ್ಟಿಗೆ ತರುವ ಬನ್ಸಿ ರವೆಯೂ ಡ್ಯೂರಮ್ ಜಾತಿಯ ಗೋಧಿಯದ್ದೇ. ಅದನ್ನು ಮಿಕ್ಸಿಯಲ್ಲಿ ನುಣ್ಣಗೆ ಬೀಸಿ ಜರಡಿ ಹಿಡಿಯಿರಿ. ಬರೀ ರವೆಹಿಟ್ಟು ಲಟ್ಟಿಸಲು ಕೈ ನೋಯುತ್ತದೆ, ಹಾಗಾಗಿ ನಾನು ಅರ್ಧಕ್ಕರ್ಧ ಮೈದಾ ಸೇರಿಸುತ್ತೇನೆ. ಆರು ಜನಕ್ಕೆ 300 ಗ್ರಾಂ ಹಿಟ್ಟು, 150 ಮಿಲಿ ಬೆಚ್ಚಗಿನ ನೀರು. ಆಷಾಢದಲ್ಲಿ ಇದರಲ್ಲಿ ಎರಡು ಚಮಚ ನೀರು ತೆಗೆದಿಡಿ, ಬೇಕೆನಿಸಿದರೆ ಮಾತ್ರ ಹಾಕಿ. ಪೂರಿ ಹಿಟ್ಟಿಗಿಂತ ಗಟ್ಟಿ ಇರಬೇಕು. ಮೊದಲಿಗೆ ಪುಡಿಪುಡಿ ಅನ್ನಿಸಿದರೂ ಹೆದರಬೇಡಿ, ಹತ್ತು ನಿಮಿಷ ನಾದಿದರೆ ನುಣುಪಾಗುತ್ತದೆ. ಬಟ್ಟೆ ಮುಚ್ಚಿ ಅರ್ಧ ತಾಸು ಬಿಡಿ. ಬಿಡದೆ ಲಟ್ಟಿಸಿದರೆ ಹಾಳೆ ಹಿಂದಕ್ಕೇ ಎಳೆದುಕೊಳ್ಳುತ್ತದೆ.

ಲಟ್ಟಿಸುವಾಗ ಕೆಳಗಿಟ್ಟ ಕೈ ಕಾಣುವಷ್ಟು ತೆಳ್ಳಗಾಗಲಿ. ಮೈದಾ ಉದುರಿಸಬೇಡಿ, ಅದು ಅಂಟಾಗುತ್ತದೆ. ಬೀಸಿದ ರವೆಯನ್ನೇ ಉದುರಿಸಿ. ಮಳೆಗಾಲದಲ್ಲಿ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ಮರೆತರೆ ಮತ್ತೆ ಮುದ್ದೆಯೇ ಗತಿ. ಬೇಸಿಗೆಯ ಮಧ್ಯಾಹ್ನ ಇದಕ್ಕೆ ತಿರುಗು, ಅಂಚು ಬಿರಿಯುತ್ತದೆ. ಆಗ ಒದ್ದೆ ಬಟ್ಟೆ ಮುಚ್ಚಿ. ಲೀಟರ್ ನೀರಿಗೆ 10 ಗ್ರಾಂ ಉಪ್ಪಿನಂತೆ ಹಾಕಿ ಕುದಿಸಿ, ಎರಡೆರಡೇ ಹಾಳೆ ಬಿಡಿ. ಒಂದೆರಡು ನಿಮಿಷ ಸಾಕು. ತೆಗೆದು ತಣ್ಣೀರಿಗೆ ಹಾಕಿ, ಹತ್ತಿ ಬಟ್ಟೆಯ ಮೇಲೆ ಹರಡಿ ಎರಡೂ ಕಡೆ ಒತ್ತಿ. ಈ ಒತ್ತುವ ಕೆಲಸಕ್ಕೆ ಸೋಮಾರಿತನ ಮಾಡುವವರೇ ಜಾಸ್ತಿ.

ಟೊಮೆಟೊ ಸಾಸನ್ನು ಹಿಂದಿನ ದಿನವೇ ಮಾಡಿಡಿ, ರುಚಿ ಕೂಡಿ ಬರುತ್ತದೆ. ಒಂದೂವರೆ ಕಿಲೋ ಹಣ್ಣು ಬೇಕು. ಉದ್ದನೆಯ, ತಿರುಳು ಜಾಸ್ತಿ ಇರುವ ಜಾತಿ ಸಿಕ್ಕಿದರೆ ಅದನ್ನೇ ತನ್ನಿ. ಬಿಸಿನೀರಿಗೆ ಹಾಕಿ ಸಿಪ್ಪೆ ತೆಗೆದು, ಬೀಜದ ಭಾಗ ಹಿಂಡಿ. ಆ ನೀರು ರಾತ್ರಿಯ ಸಾರಿಗೆ ಆಯಿತು. ಬೇಸಿಗೆಯಲ್ಲಿ ಕುಮಟಾ ಕಡೆಯ ಹೆದ್ದಾರಿ ಬದಿಯಲ್ಲಿ ಜಡೆ ಕಟ್ಟಿ ತೂಗುಹಾಕಿರುತ್ತಾರಲ್ಲ, ಆ ಸಿಹಿ ನೀರುಳ್ಳಿ ಈ ಸಾಸಿಗೆ ಹೇಳಿ ಮಾಡಿಸಿದ್ದು. ಎರಡು ನೀರುಳ್ಳಿ, ಒಂದು ಕ್ಯಾರೆಟ್ ಸಣ್ಣಗೆ ಹೆಚ್ಚಿ, ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಮೆತ್ತಗಾಗಿಸಿ. ಕೆಂಪಗೆ ಹುರಿಯಬೇಡಿ. ಬೆಳ್ಳುಳ್ಳಿ ತಿನ್ನುವವರು ಎರಡೆಸಳು ಹಾಕಲಿ. ಟೊಮೆಟೊ ಸೇರಿಸಿ ಮುಕ್ಕಾಲು ತಾಸು ಮುಚ್ಚದೆ ಕುದಿಸಿ. ಚಮಚದಲ್ಲಿ ತಳ ಗೀರಿದರೆ ಗೆರೆ ಹಾಗೇ ನಿಲ್ಲಬೇಕು, ನೀರು ಓಡಿಬರಬಾರದು. ಹುಳಿ ಜಾಸ್ತಿ ಅನಿಸಿದರೆ ಚಿಟಿಕೆ ಸಕ್ಕರೆ. ಅರಿಶಿನ, ಗರಂ ಮಸಾಲೆ ಮಾತ್ರ ದಯವಿಟ್ಟು ಬೇಡ. ಹಿತ್ತಿಲಲ್ಲಿ ಕಾಮಕಸ್ತೂರಿ ಇದ್ದರೆ ಕೊನೆಯಲ್ಲಿ ನಾಲ್ಕು ಎಲೆ ಹರಿದು ಹಾಕಿ, ಇಟಲಿಯವರ ಬೇಸಿಲ್ ಅದೇ ಜಾತಿಯ ಗಿಡ. ಪೂಜೆಯ ತುಳಸಿ ಹಾಕಿದರೆ ಕಷಾಯದ ವಾಸನೆ ಬರುತ್ತದೆ. ದೊಡ್ಡಪತ್ರೆ ತಂಬುಳಿಗೇ ಇರಲಿ.

ಬಿಳಿ ಸಾಸಿಗೆ 50 ಗ್ರಾಂ ಬೆಣ್ಣೆ, 50 ಗ್ರಾಂ ಮೈದಾ, ಮುಕ್ಕಾಲು ಲೀಟರ್ ಹಾಲು. ಮನೆಯ ಬೆಣ್ಣೆಯಾದರೆ ಅವತ್ತೇ ಕಡೆದದ್ದು, ಮೂರು ನೀರಿನಲ್ಲಿ ತೊಳೆದದ್ದು ಇರಲಿ. ಹಳೆಯದಾದರೆ ಹುಳಿ ವಾಸನೆ ಎಲ್ಲದಕ್ಕೂ ಹತ್ತುತ್ತದೆ. ಬೆಣ್ಣೆ ಕರಗಿಸಿ ಮೈದಾ ಹಾಕಿ ಎರಡು ನಿಮಿಷ ತಿರುವಿ, ಬಣ್ಣ ಬರಬಾರದು. ಬೆಚ್ಚಗಿನ ಹಾಲನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತ ಹತ್ತು ನಿಮಿಷ ಕುದಿಸಿ, ಹಸಿಹಿಟ್ಟಿನ ವಾಸನೆ ಹೋಗಲಿ. ಗಂಟಾದರೆ ಸುಮ್ನೆ ಜರಡಿಯಲ್ಲಿ ಸೋಸಿ. ಇದಕ್ಕೆ ಜಾಯಿಕಾಯಿ ತೇಯ್ದು ಹಾಕುವುದು ಅಲ್ಲಿಯ ಪದ್ಧತಿ. ನಮ್ಮ ಅಡಿಕೆ ತೋಟದಲ್ಲೇ ಬೆಳೆಯುವ ವಸ್ತು ಅದು, ಪುಡಿ ಪೊಟ್ಟಣ ಯಾಕೆ ತರಬೇಕು? ಎರಡು ಚಿಟಿಕೆಗಿಂತ ಜಾಸ್ತಿ ಆದರೆ ಕಹಿ.

ಒಳಗಿನ ಹೂರಣಕ್ಕೆ ಅರ್ಧ ಕಿಲೋ ಪಾಲಕ್ ಬಾಡಿಸಿ, ಮುಷ್ಟಿಯಲ್ಲಿ ಹಿಂಡಿ, ಆಮೇಲೆ ಹೆಚ್ಚಿ. ಹರಿವೆಯೂ ಆಗುತ್ತದೆ, ಬಸಳೆ ಬೇಡ, ಅದರ ಲೋಳೆ ಹೋಗುವುದಿಲ್ಲ. ಎರಡು ಲೀಟರ್ ಹಾಲು ಕಾಯಿಸಿ, ಕುದಿ ಬರುವ ಮೊದಲು ಲಿಂಬೆರಸ ಹಾಕಿ ಒಡೆಸಿ. ಬಟ್ಟೆಯಲ್ಲಿ ತೂಗುಹಾಕಿ, ಪನೀರಿಗೆ ಮಾಡಿದ ಹಾಗೆ ಕಲ್ಲು ಹೇರಬೇಡಿ. ಮೆತ್ತಗೆ ಉಳಿಯಬೇಕು, ತೊಟ್ಟಿಕ್ಕಬಾರದು. ಇದನ್ನು ಸೊಪ್ಪಿಗೆ ಕಲಸಿ ಉಪ್ಪು, ಕಾಳುಮೆಣಸು ಸೇರಿಸಿ. ಮೇಲಿನ ಪದರಕ್ಕೆ 200 ಗ್ರಾಂ ಮೊಝರೆಲ್ಲಾ. ನೀರಿನಲ್ಲಿ ತೇಲಿಸಿ ಮಾರುವ ಉಂಡೆಯಾದರೆ ಹೆಚ್ಚಿ ಒಂದು ತಾಸು ಜರಡಿಯಲ್ಲಿಡಿ. ತುರಿದು ಹಾಕುವ ಇಟಲಿಯ ಗಟ್ಟಿ ಚೀಸು ಪಾರ್ಮೆಝಾನ್ ಬಗ್ಗೆ ಒಂದು ಮಾತು: ಅಸಲಿ ಪಾರ್ಮಿಜಾನೊ ರೆಜ್ಜಾನೊಗೆ ಹಾಲು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ಟಿನಿಂದ. ಸಸ್ಯಾಹಾರಿಗಳು ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇದೆಯೋ ನೋಡಿಯೇ ತನ್ನಿ.

ಕಾರವಾರದ ಗೆಳತಿಯರು ಸಿಗಡಿ ಹಾಕಬಹುದಾ ಅಂತ ಕೇಳುತ್ತಾರೆ. ನಾನು ತಿಂದವಳಲ್ಲ. ಆದರೆ ಇಟಲಿಯವರು ಮೀನು-ಸಿಗಡಿಯ ಪಾಸ್ತಾಕ್ಕೆ ಸಾಮಾನ್ಯವಾಗಿ ಚೀಸ್ ತುರಿಯುವುದಿಲ್ಲ. ಬಿಳಿ ಸಾಸಿನಲ್ಲೇ ಮುಗಿಸಿದರೆ ಒಳ್ಳೆಯದು.

ಜೋಡಿಸುವಾಗ ತಳಕ್ಕೆ ಎರಡು ಸೌಟು ಸಾಸು ಸವರಿ. ಹಾಳೆ, ಟೊಮೆಟೊ, ಸೊಪ್ಪು, ಬಿಳಿ ಸಾಸು, ಮತ್ತೆ ಹಾಳೆ. ತೆಳುವಾಗಿ ನಾಲ್ಕೈದು ಪದರ ಬರಲಿ. ಅಂಚನ್ನು ಸಾಸಿನಿಂದ ಮುಚ್ಚದಿದ್ದರೆ ಹಪ್ಪಳವಾಗುತ್ತದೆ. ಅಂಗಡಿಯ ಒಣ ಹಾಳೆಯನ್ನು ಬೇಯಿಸದೆ ಹಾಕುವುದಾದರೆ ಮಾತ್ರ ನನ್ನ ಲೆಕ್ಕ ತಿರುಗಿಸಿ, ಸಾಸು ತೆಳ್ಳಗೆ ಇಡಿ, ಅದು ನೀರು ಕುಡಿಯುತ್ತದೆ.

180 ಡಿಗ್ರಿಯಲ್ಲಿ 35ರಿಂದ 40 ನಿಮಿಷ. ನಡುವೆ ಕರೆಂಟು ಹೋದರೆ ಬಾಗಿಲು ತೆಗೆದು ನೋಡಬೇಡಿ, ಒಳಗಿನ ಕಾವು ಸುಮಾರು ಹೊತ್ತು ಬೇಯಿಸುತ್ತಲೇ ಇರುತ್ತದೆ. ಓವನ್ ಇಲ್ಲದವರು ದಪ್ಪ ತಳದ ದೊಡ್ಡ ಪಾತ್ರೆಯಲ್ಲಿ ಸ್ಟ್ಯಾಂಡ್ ಇಟ್ಟು, ನೀರು ಹಾಕದೆ, ಮುಚ್ಚಿ ಹತ್ತು ನಿಮಿಷ ಕಾಯಿಸಿ. ಒಳಗೆ ತಟ್ಟೆ ಇಟ್ಟು ಸಣ್ಣ ಉರಿಯಲ್ಲಿ ಮುಕ್ಕಾಲು ತಾಸು. ಮುಚ್ಚಳದಡಿ ಹಬೆಯ ಹನಿ ಕೂಡುತ್ತದೆ, ಎರಡು ಸಲ ಒರೆಸಿ. ಮೇಲ್ಭಾಗ ಕೆಂಪಾಗುವುದಿಲ್ಲ. ಸೌದೆ ಒಲೆ ಇದ್ದರೆ ಮುಚ್ಚಳದ ಮೇಲೆ ಕೆಂಡ ಹರಡಿ, ಇಲ್ಲದಿದ್ದರೆ ಹಿಡಿಕೆಯಿರುವ ಕಬ್ಬಿಣದ ಕಾವಲಿಯನ್ನು ಹೊಗೆಯಾಡುವಷ್ಟು ಕಾಯಿಸಿ, ಚೀಸಿನ ಮೇಲೆ ತಾಗದಂತೆ ಹಿಡಿಯಿರಿ.

ಇಳಿಸಿದ ಮೇಲೆ ಕಾಲು ತಾಸು ಮುಟ್ಟಬೇಡಿ, ಬಿಸಿಯಲ್ಲಿ ಕೊಯ್ದರೆ ಪದರ ಜಾರುತ್ತದೆ. ಮಕ್ಕಳಿಗೆ ಅಷ್ಟು ಹೊತ್ತು ಕಾಯಲಿಕ್ಕೆ ಆಗುವುದಿಲ್ಲ, ಗೊತ್ತು. ಉಳಿದದ್ದನ್ನು ಆರಿಸಿ ಫ್ರಿಜ್ಜಿನಲ್ಲಿಟ್ಟು, ಮಾರನೇ ದಿನ ಕಾವಲಿಗೆ ಬೆಣ್ಣೆ ಸವರಿ ಹೋಳುಗಳನ್ನು ಎರಡೂ ಬದಿ ಕಾಯಿಸಿ. ನಮ್ಮ ಮನೆಯವರಿಗೆ ಮೊದಲ ದಿನದ್ದಕ್ಕಿಂತ ಇದೇ ಹೆಚ್ಚು ಇಷ್ಟ.