ಅಗೊರಫೋಬಿಯಾದ ಲಕ್ಷಣಗಳನ್ನು ಗುರುತಿಸುವುದು ಹೇಗೆ?

ಅಗೊರಫೋಬಿಯಾ, ಅಂದರೆ ತಪ್ಪಿಸಿಕೊಂಡು ಹೊರಬರುವುದು ಅಥವಾ ನೆರವು ಪಡೆಯುವುದು ಕಷ್ಟವೆನಿಸುವ ಜಾಗಗಳ ಬಗ್ಗೆ ಅತಿಯಾದ ಭಯ, ಇರುವವರಲ್ಲಿ ಆ ಭಯವನ್ನೇ ಹುಡುಕುತ್ತ ಹೋದರೆ ಅನೇಕ ವೇಳೆ ಅದು ಕಣ್ಣಿಗೆ ಬೀಳುವುದಿಲ್ಲ. ಭಯ ಹುಟ್ಟಿಸುವ ಜಾಗಕ್ಕೆ ಹೋಗುವುದನ್ನೇ ಅವರು ಬಿಟ್ಟಿರುತ್ತಾರೆ. ಆದ್ದರಿಂದ ಇತ್ತೀಚಿನ ತಿಂಗಳುಗಳಲ್ಲಿ ಅವರು ಯಾವ ಯಾವ ಓಡಾಟಗಳನ್ನು ಕೈಬಿಟ್ಟಿದ್ದಾರೆ ಎಂಬುದನ್ನು ಮೊದಲು ಗಮನಿಸಬೇಕು.

ಬಸ್ಸು, ರೈಲುಗಳಲ್ಲಿ ಪ್ರಯಾಣಿಸುವುದು, ಮೈದಾನ ಅಥವಾ ಸೇತುವೆಯಂಥ ತೆರೆದ ಜಾಗ, ಅಂಗಡಿ ಅಥವಾ ಚಿತ್ರಮಂದಿರದಂಥ ಮುಚ್ಚಿದ ಜಾಗ, ಸರತಿಸಾಲು ಅಥವಾ ಜನಜಂಗುಳಿ, ಒಬ್ಬರೇ ಮನೆಯಿಂದ ಹೊರಗಿರುವುದು – ಈ 5 ಸನ್ನಿವೇಶಗಳ ಪೈಕಿ ಕನಿಷ್ಠ 2ರಲ್ಲಿ, ನಿಜವಾದ ಅಪಾಯವನ್ನು ಮೀರಿದ ಭಯ ಸಾಮಾನ್ಯವಾಗಿ 6 ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಕಾಲ ಉಳಿದು, ದಿನನಿತ್ಯದ ಬದುಕಿಗೆ ಅಡ್ಡಿಯಾಗುತ್ತಿದ್ದರೆ ವೈದ್ಯರು ಈ ತೊಂದರೆಯನ್ನು ಶಂಕಿಸುತ್ತಾರೆ.

ಭಯದ ತಿರುಳನ್ನು ಕೇಳಿ ತಿಳಿಯುವುದು ಅಗತ್ಯ. ಜನರು ತನ್ನನ್ನು ಹೇಗೆ ಅಳೆಯುತ್ತಾರೋ ಎಂಬ ಅಳುಕೇ ಮುಖ್ಯವಾಗಿದ್ದರೆ ಅದು ಸಾಮಾಜಿಕ ಆತಂಕವಿರಬಹುದು. ಯಾವುದರಲ್ಲೂ ಆಸಕ್ತಿ ಉಳಿಯದೆ ಮನೆಯಲ್ಲೇ ಇದ್ದರೆ ಖಿನ್ನತೆಯಿರಬಹುದು. ಅಗೊರಫೋಬಿಯಾದಲ್ಲಿ ಕಾಡುವುದು, ಇಲ್ಲಿ ತಲೆಸುತ್ತು ಬಂದರೆ, ಉಸಿರು ಕಟ್ಟಿದರೆ ತಪ್ಪಿಸಿಕೊಂಡು ಹೊರಬರುವುದು ಹೇಗೆ, ನೆರವಿಗೆ ಯಾರಿದ್ದಾರೆ ಎಂಬ ಚಿಂತೆ.

ಇಷ್ಟಾದರೂ ಎಲ್ಲರೂ ಮನೆಯೊಳಗೇ ಉಳಿಯುವುದಿಲ್ಲ. ಕೆಲವರು ಕೆಲಸಕ್ಕೂ ಹೋಗಿಬರುತ್ತಾರೆ. ಆದರೆ ಪರಿಚಿತ ದಾರಿಯನ್ನು ಬಿಟ್ಟು ಕದಲುವುದಿಲ್ಲ, ಎಲ್ಲಿ ಹೋದರೂ ಬಾಗಿಲ ಬಳಿಯ ಆಸನವನ್ನೇ ಆರಿಸಿಕೊಳ್ಳುತ್ತಾರೆ, ಜೊತೆಗೆ ಯಾರಾದರೂ ಇದ್ದರೆ ಮಾತ್ರ ಹೊರಡುತ್ತಾರೆ, ಆಹ್ವಾನ ಬಂದಾಗಲೆಲ್ಲ ತಲೆನೋವು ಅಥವಾ ಕೆಲಸದ ನೆಪ ಹೇಳುತ್ತಾರೆ. ಇವನ್ನು ಸೋಮಾರಿತನವೆಂದು ಕರೆಯುವುದು ದೊಡ್ಡ ಅನ್ಯಾಯ. ಮನೆಯವರು ಪ್ರೀತಿಯಿಂದಲೇ ಹೊರಗಿನ ಕೆಲಸಗಳನ್ನೆಲ್ಲ ತಾವು ವಹಿಸಿಕೊಂಡಾಗ ತೊಂದರೆ ಇನ್ನಷ್ಟು ಮರೆಯಾಗುತ್ತದೆ. ತಪ್ಪಿಸಿಕೊಂಡಾಗಲೆಲ್ಲ ಸಿಗುವ ನೆಮ್ಮದಿಯು ಮುಂದಿನ ಸಲದ ಭಯವನ್ನು ಬಲಪಡಿಸುತ್ತದೆ. ವಯಸ್ಸಾದವರಲ್ಲಂತೂ ಬೀಳುವ ಭಯದ ರೂಪದಲ್ಲಿ ಬರುವ ಇದನ್ನು ಮುಪ್ಪಿನ ಲೆಕ್ಕಕ್ಕೆ ಸೇರಿಸಿ ಸುಮ್ಮನಾಗುವುದೇ ಹೆಚ್ಚು.

ಹಲವರಲ್ಲಿ ಇದರೊಂದಿಗೆ ಪ್ಯಾನಿಕ್ ಅಟ್ಯಾಕ್ ಕೂಡ ಇರುತ್ತದೆ: ಎದೆಬಡಿತ ಏರಿ, ಬೆವರು, ನಡುಕ, ಉಸಿರಾಟದ ಕಷ್ಟ, ಸತ್ತೇ ಹೋಗುತ್ತೇನೆಂಬ ಅನಿಸಿಕೆ ಕೆಲವೇ ನಿಮಿಷಗಳಲ್ಲಿ ತುದಿ ಮುಟ್ಟುತ್ತವೆ. ಇದು ಇಲ್ಲದೆಯೂ ಅಗೊರಫೋಬಿಯಾ ಇರಬಹುದು. ಹೃದಯ ಮತ್ತು ಥೈರಾಯ್ಡ್ ತೊಂದರೆಗಳಲ್ಲೂ ಇಂಥವೇ ಲಕ್ಷಣಗಳು ಕಾಣಿಸುವುದರಿಂದ ದೈಹಿಕ ತಪಾಸಣೆಯನ್ನು ಬಿಡಬಾರದು.

ಅನುಮಾನ ಬಂದರೆ ಬಲವಂತವಾಗಿ ಜನಸಂದಣಿಗೆ ಕರೆದೊಯ್ಯಬೇಡಿ. ಕೈಬಿಟ್ಟ ಓಡಾಟಗಳನ್ನೂ ಅವು ನಿಂತ ಸಮಯವನ್ನೂ ಅವರೊಂದಿಗೆ ಕುಳಿತು ಬರೆದುಕೊಂಡು ಮನೋವೈದ್ಯರಿಗೆ ತೋರಿಸಿ; ಭಯದ ಸನ್ನಿವೇಶಗಳನ್ನು ಹಂತಹಂತವಾಗಿ ಎದುರಿಸುವುದನ್ನು ಕಲಿಸುವ ಅರಿವಿನ ವರ್ತನಾ ಚಿಕಿತ್ಸೆ ಹಾಗೂ ಔಷಧಗಳಿಂದ ಅನೇಕರು ಚೇತರಿಸಿಕೊಳ್ಳುತ್ತಾರೆ. ಹೊರಗೆ ಬರಲಾರದವರಿಗೆ ಮೊದಲ ಭೇಟಿಯನ್ನು ಫೋನ್ ಅಥವಾ ವಿಡಿಯೊ ಕರೆಯ ಮೂಲಕ ಏರ್ಪಡಿಸಬಹುದೇ ಎಂದು ವೈದ್ಯರನ್ನು ಮುಂಚೆಯೇ ಕೇಳಿ. ಸಾಯಬೇಕೆನ್ನುವ ಮಾತು ಬಂದರಂತೂ ಕಾಯದೆ ಅಂದೇ ತುರ್ತು ನೆರವು ಪಡೆಯಿರಿ.