ಮೂರನೇ ಬಿಟ್

ನಮ್ಮದು ವಿಜಯಪುರ ಜಿಲ್ಲೆಯ ಒಂದು ಹಳ್ಳಿ. ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಹೊಲದಲ್ಲಿ ಬೋರ್ ಹೊಡೆಸಿದರು. ತಿರುಚೆಂಗೋಡಿನಿಂದ ಬಂದ ಲಾರಿ. ರಾತ್ರಿಯಿಡೀ ಗದ್ದಲ. ಬೆಳಗಿನ ಜಾವ ಆ ಗದ್ದಲದ ಧಾಟಿ ಬದಲಾಯಿತು. ಅಪ್ಪ ಚಹಾದ ಲೋಟ ಕೆಳಗಿಟ್ಟು, "ಕರಿಕಲ್ಲ ಹತ್ತೈತಿ ತಮ್ಮಾ" ಅಂದರು. ಮೇಲೆ ಹಾರುತ್ತಿದ್ದ ಪುಡಿ ಇನ್ನೂ ಕೆಂಪಗೇ ಇತ್ತು. ಅದು ಕಪ್ಪಾಗಿದ್ದು ಆಮೇಲೆ.

ಆ ಕರಿಕಲ್ಲು ಡೆಕ್ಕನ್ ಟ್ರ್ಯಾಪ್. ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದು ಗಟ್ಟಿಯಾದ ಲಾವಾ. ನಮ್ಮ ಕಡೆ ಹೊಲದ ಕೆಳಗೇ ಸಿಗುತ್ತದೆ. ಗುಜರಾತಿನ ಖಂಬಾತ್ ಕಡೆ ಅದೇ ಕಲ್ಲು ಎಷ್ಟೋ ಕಡೆ ಎರಡು ಮೂರು ಕಿಲೋಮೀಟರ್ ಆಳಕ್ಕೆ ಕುಸಿದು ಕೂತಿದೆ. ಅದರ ಮೇಲೆ ಓಲ್ಪಾಡ್ ಅನ್ನುವ ಪದರ. ಟ್ರ್ಯಾಪ್ ಕಲ್ಲೇ ಸವೆದು, ಉರುಳಿ, ಮತ್ತೆ ಅಂಟಿಕೊಂಡು ಆದದ್ದು. ಅದರ ಮೇಲೆ ಕ್ಯಾಂಬೆ ಶೇಲ್, ಅಂದರೆ ಎಣ್ಣೆ ಹುಟ್ಟಿದ ಕಪ್ಪು ಜೇಡಿಕಲ್ಲು. 1960ರಲ್ಲಿ ಅಂಕಲೇಶ್ವರದಲ್ಲಿ ಎಣ್ಣೆ ಸಿಕ್ಕಿದ್ದು ಇದೇ ಬೇಸಿನ್‌ನಲ್ಲಿ. ಪೆಟ್ರೋಲಿಯಂ ಇಂಜಿನಿಯರಿಂಗ್ ಮುಗಿಸಿ, ಎರಡು ವರ್ಷ ಎಣ್ಣೆ ಬಾವಿ ಕೊರೆಯುವ ರಿಗ್ ಮೇಲೆ ದುಡಿದು, ಆಮೇಲೆ ನಾನು ಬಿಟ್ (ಪೈಪಿನ ತುದಿಯಲ್ಲಿ ಕಲ್ಲು ಕೊರೆಯುವ ಮೂತಿ) ಡಿಸೈನ್‌ಗೆ ಬಂದೆ. ನನ್ನ ಕೈಗೆ ಬಂದ ಮೊದಲ ಸ್ವತಂತ್ರ ಕೆಲಸ ಇಲ್ಲಿಯದೇ: 8½ ಇಂಚಿನ ಬಿಟ್. ಒಂದೇ ಬಿಟ್ ಶೇಲ್ ದಾಟಿ, ಓಲ್ಪಾಡ್‌ನಲ್ಲೂ ಕೊರೆದು, ಬಾವಿಯ ತಳ ಮುಟ್ಟಬೇಕು. ನಡುವೆ ಬದಲಾಯಿಸುವಂತಿಲ್ಲ.

ಒಂದೇ ಬಿಟ್ ಯಾಕೆ ಅಂದರೆ, 2,400 ಮೀಟರ್ ಆಳದಲ್ಲಿ ಬಿಟ್ ಕೆಟ್ಟರೆ ಅಷ್ಟೂ ಪೈಪು ಮೇಲೆಳೆಯಬೇಕು. ಮೂರು ಮೂರು ಪೈಪಿನ ಕಟ್ಟುಗಳಾಗಿ ಬಿಚ್ಚಿ ನಿಲ್ಲಿಸುತ್ತಾ ಹೋದರೆ ಸುಮಾರು 90 ಕಟ್ಟು. ಎಳೆಯೋಕೆ ಎಂಟು ಗಂಟೆ, ಇಳಿಸೋಕೆ ಇನ್ನಷ್ಟು. ಅಷ್ಟು ಹೊತ್ತು ರಿಗ್ ಬಾಡಿಗೆ ಓಡುತ್ತಿರುತ್ತದೆ, ಬಾವಿ ಒಂದು ಅಂಗುಲ ಕೂಡ ಇಳಿಯುವುದಿಲ್ಲ. ಬಿಟ್‌ನ ಬೆಲೆ ಇದರ ಮುಂದೆ ಏನೂ ಅಲ್ಲ.

ಬಿಟ್ ಅಂದ ಕೂಡಲೇ ಜನರಿಗೆ ಹಲ್ಲಿನ ಚಕ್ರಗಳು ತಿರುಗುವ ಬಿಟ್ ನೆನಪಾಗುತ್ತದೆ. 1909ರಲ್ಲಿ ಅಮೆರಿಕದ ಹೋವರ್ಡ್ ಹ್ಯೂಸ್ (ವಿಮಾನ, ಸಿನಿಮಾಗಳಿಂದ ಹೆಸರಾದ ಹೋವರ್ಡ್ ಹ್ಯೂಸ್‌ನ ಅಪ್ಪ) ಪೇಟೆಂಟ್ ಪಡೆದ ಬಿಟ್‌ನ ವಂಶ ಅದು. ಅದು ಕಲ್ಲನ್ನು ಒತ್ತಿ ಪುಡಿ ಮಾಡುತ್ತದೆ. ನಾನು ಮಾಡುವುದು ಪಿಡಿಸಿ (ಪಾಲಿಕ್ರಿಸ್ಟಲಿನ್ ಡೈಮಂಡ್ ಕಾಂಪ್ಯಾಕ್ಟ್) ಬಿಟ್. ಇದರಲ್ಲಿ ತಿರುಗುವ ಭಾಗವೇ ಇಲ್ಲ. ಬಿಟ್‌ನ ಮೈಮೇಲೆ ಐದಾರು ಬ್ಲೇಡ್, ಬ್ಲೇಡಿನ ಅಂಚಿಗೆ ಸಾಲಾಗಿ ಕಟ್ಟರ್‌ಗಳು. ಕಟ್ಟರ್ ಅಂದರೆ ದಪ್ಪ ಗುಂಡಿಯಂಥ ಟಂಗ್‌ಸ್ಟನ್ ಕಾರ್ಬೈಡ್ ತುಂಡು, ಅದರ ಮುಖಕ್ಕೆ ಎರಡು ಮಿಲಿಮೀಟರ್‌ನಷ್ಟು ಕೃತಕ ವಜ್ರದ ಪದರ. 1970ರ ದಶಕದಲ್ಲಿ ಜನರಲ್ ಎಲೆಕ್ಟ್ರಿಕ್ ಇದನ್ನು ತಂದಿತು. ವಜ್ರದ ಪುಡಿಯನ್ನು ಸುಮಾರು 1,400 ಡಿಗ್ರಿ ಶಾಖದಲ್ಲಿ, ವಾತಾವರಣದ ಐವತ್ತು ಅರವತ್ತು ಸಾವಿರ ಪಟ್ಟು ಒತ್ತಡದಲ್ಲಿ ಬೆಸೆಯುತ್ತಾರೆ. ಇದು ಕಲ್ಲನ್ನು ಕುಟ್ಟುವುದಿಲ್ಲ, ಕೆರೆಯುತ್ತದೆ. ಈಳಿಗೆ ಮಣೆ ಮೇಲೆ ತೆಂಗಿನಕಾಯಿ ತುರಿದ ಹಾಗೆ.

ಎಷ್ಟು ಕೆರೆಯುತ್ತದೆ ಅಂತ ಒಂದು ಲೆಕ್ಕ. ಬಿಟ್ ನಿಮಿಷಕ್ಕೆ 120 ಸುತ್ತು ತಿರುಗುತ್ತಾ ಗಂಟೆಗೆ 12 ಮೀಟರ್ ಇಳಿಯುತ್ತಿದೆ ಅನ್ನಿ. ಒಂದು ಸುತ್ತಿಗೆ ಇಳಿದದ್ದು 1.7 ಮಿಲಿಮೀಟರ್. ಹೆಚ್ಚುಕಡಿಮೆ ಒಂದು ರೂಪಾಯಿ ನಾಣ್ಯದ ದಪ್ಪ. ನನ್ನ ಇಡೀ ಕೆಲಸ ಈ ನಾಣ್ಯದ ದಪ್ಪವನ್ನು ನಲವತ್ತೋ ಐವತ್ತೋ ಕಟ್ಟರ್‌ಗಳಿಗೆ ಹಂಚುವುದು. ಹಂಚಿಕೆ ಸಮ ಆಗುವುದಿಲ್ಲ. ನಡುವಿನ ಕಟ್ಟರ್ ಹೆಚ್ಚು ಓಡುವುದಿಲ್ಲ, ಆದರೆ ಭಾರ ಜಾಸ್ತಿ. ಹೊರಗಿನ ಭುಜದ ಕಟ್ಟರ್ ಸೆಕೆಂಡಿಗೆ ಒಂದು ಮೀಟರ್‌ಗಿಂತ ಹೆಚ್ಚು ಉಜ್ಜಿಕೊಂಡು ಓಡುತ್ತದೆ, ಅದಕ್ಕೆ ಶಾಖದ ಕಾಟ. 700 ಡಿಗ್ರಿ ದಾಟಿದರೆ ವಜ್ರದ ಕಣಗಳ ನಡುವೆ ಉಳಿದಿರುವ ಕೋಬಾಲ್ಟ್ ವಜ್ರಕ್ಕಿಂತ ಹೆಚ್ಚು ಹಿಗ್ಗಿ, ಪದರವನ್ನು ಒಳಗಿನಿಂದಲೇ ಒಡೆಯುತ್ತದೆ. ಅದಕ್ಕೇ ಈಗ ಒಳ್ಳೆಯ ಕಟ್ಟರ್‌ಗಳ ಮುಖದಿಂದ ಆಸಿಡ್ ಹಾಕಿ ಕೋಬಾಲ್ಟ್ ತೆಗೆದಿರುತ್ತಾರೆ.

ಮೊದಲನೇ ಬಿಟ್‌ಗೆ ನಾನು ಕೂತು ಮಾಡಿದ ತಯಾರಿ ಕಾಗದದ ಮೇಲೆ ಚೆನ್ನಾಗೇ ಇತ್ತು. ಪಕ್ಕದ ಬಾವಿಯ ಸೋನಿಕ್ ಲಾಗ್ (ಕಲ್ಲಿನಲ್ಲಿ ಶಬ್ದ ಎಷ್ಟು ಬೇಗ ಹೋಗುತ್ತದೆ ಅನ್ನುವ ದಾಖಲೆ) ತೆಗೆದುಕೊಂಡು ಕಲ್ಲಿನ ಗಟ್ಟಿತನ ಲೆಕ್ಕ ಹಾಕಿದೆ. ಶೇಲ್ ನಮ್ಮ ಮನೆ ಸ್ಲ್ಯಾಬಿಗೆ ಹಾಕುವ ಕಾಂಕ್ರೀಟಿನಷ್ಟೇ ಗಟ್ಟಿ, 20-30 ಮೆಗಾಪ್ಯಾಸ್ಕಲ್. ಓಲ್ಪಾಡ್ ಅದಕ್ಕಿಂತ ಸ್ವಲ್ಪ ಜಾಸ್ತಿ ಅಂತ ತೋರಿಸಿತು. ಗ್ರಾಫು ಹಲ್ಲು ಹಲ್ಲಾಗಿ ಕಾಣುತ್ತಿತ್ತು ಅಂತ ಹತ್ತು ಹತ್ತು ಮೀಟರಿಗೆ ಸರಾಸರಿ ತೆಗೆದು ನುಣುಪು ಮಾಡಿಕೊಂಡೆ. ಆ ನುಣುಪಾದ ಗೆರೆ ನೋಡಿ ಐದು ಬ್ಲೇಡ್, 19 ಮಿಲಿಮೀಟರಿನ ದೊಡ್ಡ ಕಟ್ಟರ್, ಹಿಂದಕ್ಕೆ ಬರೀ 15 ಡಿಗ್ರಿ ವಾಲು ಇಟ್ಟೆ. ವಾಲು ಕಡಿಮೆಯಾದಷ್ಟೂ ಕಟ್ಟರ್ ಕಲ್ಲಿನೊಳಗೆ ಚುರುಕಾಗಿ ಇಳಿಯುತ್ತದೆ, ಪೆಟ್ಟನ್ನೂ ಅಷ್ಟೇ ನೇರವಾಗಿ ತಿನ್ನುತ್ತದೆ.

ಶೇಲ್‌ನಲ್ಲಿ ಬಿಟ್ ಓಡಿದ್ದೇ ಓಡಿದ್ದು. ನಾನು ರಿಗ್ ಮೇಲೇ ಇದ್ದೆ. ಡ್ರಿಲ್ಲರ್ ಅಸ್ಸಾಮಿನವರು, ಐವತ್ತು ದಾಟಿದವರು. ಎಲ್ಲರೂ ಅವರನ್ನು ದಾದಾ ಅಂತಿದ್ದರು. ಸಂಜೆ ಏಳರ ಸುಮಾರಿಗೆ ಅವರು ಬ್ರೇಕಿನ ಮೇಲೆ ಕೈಯಿಟ್ಟುಕೊಂಡೇ, "ಇಂಜಿನಿಯರ್ ಸಾಹೇಬ್ರೆ, ಕೆಳಗೆ ಏನೋ ಬೇರೆ ಬಂತು" ಅಂದರು. ಟಾರ್ಕ್, ಅಂದರೆ ಪೈಪು ತಿರುಗಿಸೋಕೆ ಬೇಕಾದ ಬಲ, ತೋರಿಸುವ ಮುಳ್ಳು ಸಣ್ಣಗೆ ನಡುಗುತ್ತಿತ್ತು. ನಾನು ಶೇಲ್ ಶೇಕರ್ ಹತ್ತಿರ ಓಡಿ ಜರಡಿ ಮೇಲಿನ ಚೂರು ನೋಡಿದೆ. ಅದೇ ಕಪ್ಪು ಶೇಲ್. ಬಂದು ಹೇಳಿದೆ: "ಏನೂ ಬದಲಾಗಿಲ್ಲ ದಾದಾ, ಹೀಗೇ ಹೋಗಲಿ."

ಇಲ್ಲಿ ನಾನು ಮರೆತದ್ದು ಒಂದನೇ ವರ್ಷದ ಟ್ರೈನಿಗೂ ಗೊತ್ತಿರುವ ವಿಷಯ. ಅಷ್ಟು ಆಳದಿಂದ ಚೂರು ಮಡ್ (ಪೈಪಿನೊಳಗಿಂದ ಬಾವಿಗೆ ಪಂಪ್ ಮಾಡುವ ಕೆಸರು ದ್ರವ) ಜೊತೆ ತೇಲಿ ಮೇಲೆ ಬರೋಕೆ ಅರ್ಧ ಗಂಟೆಗೂ ಜಾಸ್ತಿ ಬೇಕು. ಜರಡಿ ಮೇಲೆ ನಾನು ನೋಡಿದ್ದು ಅರ್ಧ ಗಂಟೆ ಹಿಂದಿನ ಕಲ್ಲು. ದಾದಾ ಕೈಗೆ ಗೊತ್ತಾಗಿದ್ದು ಆ ಕ್ಷಣದ್ದು. ನಲವತ್ತು ನಿಮಿಷ ಆದ ಮೇಲೆ ಜರಡಿಗೆ ಹಸಿರು ಮಿಶ್ರಿತ ಕಂದು ಚೂರು ಬಂತು. ಅಷ್ಟರಲ್ಲಿ ಬಿಟ್ ನಿಂತಲ್ಲೇ ತಿರುಗುತ್ತಿತ್ತು.

ಮರುದಿನ ಮೇಲೆ ಬಂದ ಬಿಟ್ಟನ್ನು ನೀರಲ್ಲಿ ತೊಳೆದು ಟೈರಿನ ಮೇಲೆ ಕೂರಿಸಿದರು. ಭೂತಗನ್ನಡಿ ಹಿಡಿದು ಒಂದೊಂದೇ ಕಟ್ಟರ್ ನೋಡಿದೆ. ಭುಜದ ಕಡೆಯವು ಹೆಚ್ಚೇನೂ ಕೆಟ್ಟಿರಲಿಲ್ಲ, ಅಂಚಿಗೆ ಉಗುರು ಎಳೆದರೆ ಇನ್ನೂ ಹರಿತ ತಾಗುತ್ತಿತ್ತು. ಆದರೆ ಬಿಟ್‌ನ ಮೂಗಿನ ಮೇಲಿದ್ದ ನಾಲ್ಕು ಕಟ್ಟರ್‌ಗಳಲ್ಲಿ ವಜ್ರವೇ ಇರಲಿಲ್ಲ. ಸವೆದದ್ದಲ್ಲ, ಸೀಳಿ ಹಾರಿಹೋಗಿದ್ದು. ಸವೆದರೆ ಮುಖ ಸಪಾಟಾಗಿ ಹೊಳೆಯುತ್ತದೆ. ಇಲ್ಲಿ ಒಡೆದ ಗಾಜಿನ ಹಾಗೆ ಒರಟು.

ಇದರ ಅರ್ಥ ಬಿಡಿಸೋಕೆ ಎರಡು ದಿನ ಹಿಡಿಯಿತು. ಮೆತ್ತನೆ ಪದರದಿಂದ ಗಟ್ಟಿ ಪದರಕ್ಕೆ ಇಳಿಯುವಾಗ ಮೊದಲು ಮುಟ್ಟುವುದು ಮೂಗು. ಉಳಿದ ಕಟ್ಟರ್‌ಗಳೆಲ್ಲ ಇನ್ನೂ ಶೇಲ್‌ನಲ್ಲೇ ಇರುತ್ತವೆ. ಬಿಟ್ ಮೇಲೆ ಹಾಕುವ ಎಂಟು ಹತ್ತು ಟನ್ ಭಾರದ ಬಹುಪಾಲು ಆ ನಾಲ್ಕು ಗುಂಡಿಗಳ ಮೇಲೆ ಬೀಳುತ್ತದೆ. ಹಳೆಯ ಲಾಗ್ ತೆಗೆದು ಸರಾಸರಿ ಮಾಡದೆ ನೋಡಿದರೆ ಅಲ್ಲೇ ಇತ್ತು: ಓಲ್ಪಾಡ್‌ನ ನೆತ್ತಿಯಲ್ಲಿ ಒಂದು ಮೀಟರ್ ಕೂಡ ದಪ್ಪ ಇಲ್ಲದ, ಮುಳ್ಳಿನಂಥ ಒಂದು ಏರು. ಟ್ರ್ಯಾಪ್ ಗುಂಡುಗಳು ತುಂಬಿದ ಪದರ. ಶಿಥಿಲವಾಗದ ಬಸಾಲ್ಟ್, ಅಂದರೆ ಟ್ರ್ಯಾಪ್ ಕಲ್ಲು, 150 ಮೆಗಾಪ್ಯಾಸ್ಕಲ್ ಆರಾಮಾಗಿ ದಾಟುತ್ತದೆ. ಅದನ್ನು ಅಳಿಸಿದ್ದು ಭೂಮಿಯಲ್ಲ, ನನ್ನ ಸ್ಪ್ರೆಡ್‌ಶೀಟು.

ಬಿಟ್ ಮೇಲೆ ಬಂದಾಗ ಅದರ ಸ್ಥಿತಿಯನ್ನು ಎಂಟು ಕಾಲಮಿನಲ್ಲಿ ಬರೆಯುವ ಪದ್ಧತಿಯಿದೆ. ಒಳ ಕಟ್ಟರ್‌ಗಳ ಸವೆತ 0ಯಿಂದ 8, ಹೊರಗಿನವು 0ಯಿಂದ 8, ಆದ ಗಾಯ ಏನು, ಎಲ್ಲಿ, ಬೇರಿಂಗ್ (ಪಿಡಿಸಿಗೆ ಅದಿಲ್ಲ, ಎಕ್ಸ್), ಅಳತೆ ಉಳಿದಿದೆಯಾ, ಬೇರೆ ಗಾಯ, ಕೊನೆಯದು ಯಾಕೆ ಎಳೆದಿರಿ. ನಮ್ಮದು: 5-3-ಬಿಟಿ-ಎನ್-ಎಕ್ಸ್-ಐ-ಡಬ್ಲ್ಯೂಟಿ-ಪಿಆರ್. ಬಿಟಿ ಅಂದರೆ ಮುರಿದದ್ದು, ಎನ್ ಅಂದರೆ ಮೂಗು, ಐ ಅಂದರೆ ಅಳತೆ ಉಳಿದಿದೆ, ಡಬ್ಲ್ಯೂಟಿ ಅಂದರೆ ಸವೆದದ್ದು, ಪಿಆರ್ ಅಂದರೆ ಇಳಿಯುತ್ತಿಲ್ಲ ಅಂತ ಎಳೆದದ್ದು.

ಮುಂದಿನ ಬಾವಿಯ ಎರಡನೇ ಬಿಟ್‌ನಲ್ಲಿ ಹೆದರಿಕೆ ಡಿಸೈನ್ ಮಾಡಿತು. ಏಳು ಬ್ಲೇಡ್, 13 ಮಿಲಿಮೀಟರಿನ ಚಿಕ್ಕ ಕಟ್ಟರ್, ವಾಲು 25 ಡಿಗ್ರಿ. ಗಟ್ಟಿ ಕಲ್ಲಿಗೆ ಇದು ಸರಿಯಾದ ಉತ್ತರವೇ. ಆದರೆ ಆ ಕಲ್ಲಿಗೆ ಹೋಗುವ ಮುಂಚೆ ನೂರಾರು ಮೀಟರ್ ಶೇಲ್ ಇದೆಯಲ್ಲ? ಬ್ಲೇಡ್ ಜಾಸ್ತಿಯಾದರೆ ನಡುವಿನ ಸಂದು ಕಿರಿದಾಗುತ್ತದೆ. ಚೂರು ಹೊರಗೆ ಹೋಗುವ ದಾರಿ ಅದೇ ಸಂದು. ಮಳೆಗಾಲದಲ್ಲಿ ನಮ್ಮ ಎರೆ ಹೊಲದಲ್ಲಿ ನಡೆದವರಿಗೆ ಮುಂದಿನದ್ದು ಹೇಳಬೇಕಿಲ್ಲ. ಹತ್ತು ಹೆಜ್ಜೆಗೆ ಕಾಲಿಗೆ ಎರಡು ಕಿಲೋ ಮಣ್ಣು. ಬಿಟ್‌ಗೂ ಅದೇ ಆಯಿತು. ಭಾರ ಹಾಕಿದರೂ ಇಳಿಯುತ್ತಿಲ್ಲ, ಟಾರ್ಕ್ ಮಾತ್ರ ಕಡಿಮೆಯಾಗುತ್ತಿದೆ, ಪಂಪಿನ ಒತ್ತಡ ಏರುತ್ತಿದೆ. ಈ ಮೂರೂ ಒಟ್ಟಿಗೆ ಬಂದರೆ ಬಿಟ್‌ಗೆ ಮಣ್ಣು ಮೆತ್ತಿದೆ ಅಂತಲೇ ಲೆಕ್ಕ. ಮೇಲೆ ಬಂದಾಗ ಬ್ಲೇಡೇ ಕಾಣಲಿಲ್ಲ. ದೊಡ್ಡದೊಂದು ರಾಗಿ ಮುದ್ದೆ. ತೊಳೆದರೆ ಒಳಗೆ ಕಟ್ಟರ್‌ಗಳು ಅಂಗಡಿಯಿಂದ ತಂದ ಹಾಗಿದ್ದವು. ಮೂರನೇ ಕಾಲಮಿಗೆ ಬಿಯು, ಮೆತ್ತಿಕೊಂಡಿದೆ. ಎಂಟನೆಯದಕ್ಕೆ ಮತ್ತೆ ಪಿಆರ್. ಆ ವಾರ ನಮ್ಮ ಆಫೀಸಿನ ಫೋನ್ ಎತ್ತೋಕೆ ಮನಸ್ಸು ಬರಲಿಲ್ಲ ಸುಮ್ನೆ.

ದಾದಾ ಊಟದ ಹೊತ್ತಿಗೆ ಹೇಳಿದ್ದು ಒಂದೇ ಮಾತು: "ಮೊದಲನೆಯದು ಶೇಲ್‌ಗೆ ಮಾಡಿದಿರಿ, ಎರಡನೆಯದು ಕಲ್ಲಿಗೆ. ನಡುವಿನ ಆ ಒಂದು ಮೀಟರಿಗೆ ಯಾರು ಮಾಡ್ತಾರೆ?"

ಆಮೇಲಿನ ಬಾವಿಗೆ ಮಾಡಿದ ಮೂರನೆಯದಕ್ಕೆ ಆ ಒಂದು ಮೀಟರಿನಿಂದಲೇ ಶುರು ಮಾಡಿದೆ. ಮೂಗಿನ ಆಕಾರ ಚಪ್ಪಟೆ ಮಾಡಿದೆ, ಗಟ್ಟಿ ಪದರ ಮುಟ್ಟುವಾಗ ನಾಲ್ಕರ ಬದಲು ಹತ್ತು ಹನ್ನೆರಡು ಕಟ್ಟರ್ ಬೇಗ ಬೇಗ ತಾಗುವ ಹಾಗೆ. ಮೂಗಿನ ಕಟ್ಟರ್‌ಗಳ ಹಿಂದೆ ಗುಂಡನೆಯ ಕಾರ್ಬೈಡ್ ಗುಬುಟು ಕೂರಿಸಿದೆ. ಅದು ಕೊರೆಯುವುದಿಲ್ಲ. ಕಟ್ಟರ್ ಒಂದು ಮಿತಿಗಿಂತ ಆಳಕ್ಕೆ ಕಚ್ಚಿದರೆ ಈ ಗುಬುಟು ಕಲ್ಲಿಗೆ ತಾಗಿ ತಡೆಯುತ್ತದೆ. ಶೇಲ್‌ನಲ್ಲಿ ಓಟಕ್ಕೆ ಅಡ್ಡ ಬಾರದಷ್ಟು, ಕಲ್ಲಿನಲ್ಲಿ ಕಟ್ಟರ್ ಮುರಿಯದಷ್ಟು ಎತ್ತರ ಇಡಬೇಕು. ಈ ಎತ್ತರಕ್ಕೇ ಒಂದು ವಾರ ಹೋಯಿತು. ನಾಣ್ಯದ ದಪ್ಪದ ಲೆಕ್ಕ ಇಲ್ಲಿ ಕೆಲಸಕ್ಕೆ ಬಂತು. ಕಟ್ಟರ್ 16 ಮಿಲಿಮೀಟರ್. ವಾಲು ನಡುವೆ 15, ಭುಜಕ್ಕೆ ಹೋಗ್ತಾ 22.

ಬ್ಲೇಡ್ ಆರು ಬೇಕು, ಸಂದು ಮಾತ್ರ ಐದು ಬ್ಲೇಡಿನಷ್ಟು ಅಗಲ ಇರಬೇಕು. ಮೊದಲ ಎರಡೂ ಮ್ಯಾಟ್ರಿಕ್ಸ್ ಬಾಡಿಯವು. ಗ್ರಾಫೈಟ್ ಅಚ್ಚಿನಲ್ಲಿ ಟಂಗ್‌ಸ್ಟನ್ ಕಾರ್ಬೈಡ್ ಪುಡಿ ತುಂಬಿ, ಕುಲುಮೆಯಲ್ಲಿ ತಾಮ್ರದ ಮಿಶ್ರಲೋಹ ಕರಗಿಸಿ ಇಂಗಿಸಿದ್ದು. ಸವೆತಕ್ಕೆ ಬಗ್ಗುವುದಿಲ್ಲ, ಆದರೆ ಬ್ಲೇಡ್ ಎತ್ತರವಾಗಿ, ತೆಳ್ಳಗೆ ಮಾಡಿದರೆ ಪೆಟ್ಟಿಗೆ ಮುರಿಯುತ್ತದೆ. ಅದಕ್ಕೆ ಮೂರನೆಯದನ್ನು ಉಕ್ಕಿನಲ್ಲಿ ಮಾಡಿಸಿದೆ. ಉಕ್ಕು ಬಗ್ಗುತ್ತದೆ, ಮುರಿಯುವುದಿಲ್ಲ, ಬ್ಲೇಡ್ ಎತ್ತರಿಸಬಹುದು. ಮಡ್ ಹೊಡೆತಕ್ಕೆ ಕೊರೆದು ಹೋಗದಿರಲಿ ಅಂತ ಮೈಮೇಲೆ ಕಾರ್ಬೈಡ್ ಲೇಪನ. ಬಿಟ್‌ನಿಂದ ಮಡ್ ಚಿಮ್ಮುವ ನಾಝಲ್‌ಗಳ ಬಾಯಿ ತಿರುಗಿಸಿ, ಮಡ್ ನೇರ ಬಾವಿಯ ತಳಕ್ಕೆ ಹೊಡೆಯುವ ಬದಲು ಕಟ್ಟರ್ ಮುಖ ತೊಳೆದು ಸಂದಿಗೆ ನುಗ್ಗುವಂತೆ ಇಟ್ಟೆ.

ಇಷ್ಟಾದರೂ ಅರ್ಧ ಕೆಲಸ ಕಾಗದದ ಮೇಲೆ ಆಗಿರಲಿಲ್ಲ. ದಾದಾ ಜೊತೆ ಕೂತು ಒಂದು ಒಪ್ಪಂದ ಮಾಡಿಕೊಂಡೆವು. ಓಲ್ಪಾಡ್ ಬರಬೇಕಾದ ಆಳಕ್ಕೆ 15 ಮೀಟರ್ ಮುಂಚೆಯೇ ಸುತ್ತು ಇಳಿಸುವುದು, ಆಮೇಲೆ ಭಾರ ಇಳಿಸುವುದು. ಮುಳ್ಳು ನಡುಗಿದರೆ ಯಾರನ್ನೂ ಕೇಳಬೇಕಿಲ್ಲ, ಜರಡಿ ನೋಡಬೇಕಿಲ್ಲ, ಅವರೇ ನಿರ್ಧಾರ ಮಾಡುವುದು. ಈ ಕೊನೆಯ ಸಾಲು ಬಾವಿ ಕೊರೆಯುವ ಪ್ರೋಗ್ರಾಮಿನಲ್ಲಿ ಬರೆಯೋಕೆ ಮೇಲಿನವರು ಒಪ್ಪಲಿಲ್ಲ. ಬಾಯಿಮಾತಿನಲ್ಲೇ ಇಟ್ಟುಕೊಂಡೆವು.

ಶೇಲ್‌ನಲ್ಲಿ ಮೂರನೇ ಬಿಟ್ ಮೊದಲನೆಯದರಷ್ಟು ಜೋರಾಗಿ ಓಡಲಿಲ್ಲ. ಆಫೀಸಿನಿಂದ "ಯಾಕೆ ನಿಧಾನ?" ಅಂತ ಎರಡು ಸಲ ಮೆಸೇಜ್ ಬಂತು. ಮುಳ್ಳು ನಡುಗಿದ್ದು ರಾತ್ರಿ ಎರಡೂವರೆಗೆ. ನಾನು ಕ್ಯಾಬಿನ್ ಬಾಗಿಲಲ್ಲೇ ನಿಂತಿದ್ದೆ. ದಾದಾ ನನ್ನ ಕಡೆ ತಿರುಗಲೂ ಇಲ್ಲ. ಭಾರ ಅರ್ಧಕ್ಕೆ ಇಳಿಸಿದರು. ಬಿಟ್ ಗಂಟೆಗೆ ಒಂದು, ಒಂದೂವರೆ ಮೀಟರ್ ತೆವಳಿತು. ಜರಡಿಗೆ ಹಸಿರು ಚೂರು ಬರುವಷ್ಟರಲ್ಲಿ ಗುಂಡಿನ ಪದರ ದಾಟಿ ಆಗಿತ್ತು. ಆಮೇಲೆ ಒಂದೊಂದೇ ಟನ್ ವಾಪಸ್ ಹಾಕುತ್ತಾ ಹೋದರು.

ಎರಡು ದಿನ ಬಿಟ್ಟು ಬಿಟ್ ಮೇಲೆ ಬಂತು. ಭುಜದ ಕಟ್ಟರ್‌ಗಳು ಸವೆದು ಹೊಳೆಯುತ್ತಿದ್ದವು, ಮೂಗಿನ ಮೇಲೆ ಒಂದರ ಅಂಚು ಚೂರು ಹಾರಿತ್ತು. ದಾದಾ ಪೆನ್ ಇಸಕೊಂಡು ಫಾರಂ ಅವರೇ ಬರೆದರು: 1-3-ಡಬ್ಲ್ಯೂಟಿ-ಎಸ್-ಎಕ್ಸ್-ಐ-ಸಿಟಿ. ಎಂಟನೇ ಕಾಲಮ್ ಖಾಲಿ ಬಿಟ್ಟು ನನ್ನ ಕೈಗೆ ಕೊಟ್ಟರು. ನಾನು ಟಿಡಿ ಅಂತ ಬರೆದೆ. ತಳ ಮುಟ್ಟಿದೆ.