ಒಂಬತ್ತನೇ ಪ್ರಶ್ನೆಯನ್ನು ಮೊದಲು ಓದಿ: ಶಾಲೆಯಲ್ಲಿ ಖಿನ್ನತೆ ತಪಾಸಣೆ, ನನ್ನ ಅನುಭವ

"ಆತ್ಮಹತ್ಯೆ ಅಂತ ಬಾಯಿಬಿಟ್ಟು ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ತುಂಬಿದಂತಾಗುತ್ತದೆ." ಮೊದಲ ಎರಡು ವರ್ಷ ಪ್ರತಿ ಸಭೆಯಲ್ಲೂ ಇದೇ ಮಾತು. ನೇರವಾಗಿ ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲ ಎಂದು ಅಧ್ಯಯನಗಳು ತೋರಿಸಿದ್ದರೂ ಅನುಮಾನ ಕರಗಿದ್ದು ಕ್ರಮ ಕೈಗೆ ಹತ್ತಿದ ಮೇಲೆಯೇ.

ಎಡವಟ್ಟಾಗಿದ್ದು ಕೇಳುವುದರಲ್ಲಲ್ಲ, ಕೇಳಿ ಸುಮ್ಮನಾಗುವುದರಲ್ಲಿ. ಇಡೀ ಶಾಲೆಗೆ ಒಂದೇ ದಿನ, ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಹಾಳೆಯಾದ ಪಿಎಚ್‌ಕ್ಯೂ-9 ಹಂಚಿದೆವು, ಅದೂ ಶುಕ್ರವಾರ. ಹಾಳೆಗಳು ಬೀರು ಸೇರಿದವು. ಸೋಮವಾರ ಎಣಿಸಲು ಕೂತಾಗ, ಸಾವಿನ ಅಥವಾ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆ ಎಷ್ಟು ಸಲ ಬಂತೆಂದು ಕೇಳುವ ಒಂಬತ್ತನೇ ಪ್ರಶ್ನೆಗೆ 3 (ಹೆಚ್ಚುಕಡಿಮೆ ದಿನವೂ) ಎಂದು ಗುರುತು ಹಾಕಿದ ಹಾಳೆಯೊಂದು ಕಟ್ಟಿನ ನಡುವೆ ಇತ್ತು. ಆ ಮಗು ಅಂದು ಶಾಲೆಗೆ ಬಂದಿತ್ತು. ಅದರಲ್ಲಿ ನಮ್ಮ ಹೆಚ್ಚುಗಾರಿಕೆ ಏನೂ ಇರಲಿಲ್ಲ.

ಈಗ ದಿನಕ್ಕೆ ಒಂದೇ ತರಗತಿ, ಬುಧವಾರದೊಳಗೆ, ಮೊದಲ ಪಿರಿಯಡ್‌ನಲ್ಲಿ. 40 ಮಕ್ಕಳಲ್ಲಿ ಕೂತು ಮಾತಾಡಲೇಬೇಕಾದವರು ನಾಲ್ಕೈದು ಮಂದಿ ಸಿಗುತ್ತಾರೆ, ಒಬ್ಬೊಬ್ಬರಿಗೆ ಅರ್ಧ ಗಂಟೆ. ಅಷ್ಟು ಹೊತ್ತು ಕೈಯಲ್ಲಿ ಇಲ್ಲದ ದಿನ ಹಾಳೆಯನ್ನೇ ಹಂಚಬೇಡಿ. ಒಟ್ಟು ಅಂಕ 10 ದಾಟಿದವರನ್ನಷ್ಟೇ ಕರೆದರೆ, ಒಟ್ಟು 6 ಬಂದು ಒಂಬತ್ತನೆಯದಕ್ಕೆ 1 ಹಾಕಿದ ಮಗು ಕೈತಪ್ಪುತ್ತದೆ. ಅಲ್ಲಿ 0 ಅಲ್ಲದ್ದು ಏನಿದ್ದರೂ, ಖಾಲಿ ಬಿಟ್ಟಿದ್ದರೂ, ಅಂದೇ ಮಾತು, ಕೊನೆಯ ಬೆಲ್‌ಗೆ ಮುಂಚೆ. ಅಪಾಯದ ಸೂಚನೆ ಕಂಡ ಮಗುವನ್ನು ಮನೆಯವರು ಬರುವವರೆಗೆ ಒಂದು ನಿಮಿಷವೂ ಒಂಟಿಯಾಗಿ ಬಿಡುವುದಿಲ್ಲ.

"ಯಾರಿಗೂ ಹೇಳಲ್ಲ" ಎಂಬ ಭಾಷೆ ಕೊಡಬೇಡಿ. ಕೊಟ್ಟು ಮುರಿದರೆ ಆ ಮಗುವಷ್ಟೇ ಅಲ್ಲ, ಅದರ ಗೆಳೆಯರೂ ಮತ್ತೆ ಬಾಗಿಲು ತಟ್ಟುವುದಿಲ್ಲ. ಯಾರಿಗೆ, ಎಷ್ಟು ಹೇಳುತ್ತೇವೆ ಎಂಬುದನ್ನು ಮಾತಿನ ಆರಂಭದಲ್ಲೇ ತಿಳಿಸಿ. ನೇರ ಪ್ರಶ್ನೆಗೆ ಮುಂಚೆ ನಾನು ಬಳಸುವ ಒಂದು ಸಾಲಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಬಾಯಿಪಾಠವಾದ ಸಾಲನ್ನು ಮಕ್ಕಳು ತಟ್ಟನೆ ಹಿಡಿಯುತ್ತಾರೆ.

ಸುರಕ್ಷತಾ ಯೋಜನೆಯ ಹಾಳೆ, ಅಂದರೆ ಅಂಥ ಯೋಚನೆ ಬಂದಾಗ ಏನು ಮಾಡಬೇಕೆಂಬ ಪಟ್ಟಿ, ಮಗುವಿನ ಕೈಬರಹದಲ್ಲೇ ಇರಲಿ. "ಧ್ಯಾನ ಮಾಡುತ್ತೇನೆ" ಎಂದು ನಮಗಾಗಿ ಬರೆದದ್ದು ಕೆಲಸಕ್ಕೆ ಬಾರದು. "ತಂಗಿಯ ಜೊತೆ ಮಹಡಿಗೆ ಹೋಗಿ ಗಿಡಕ್ಕೆ ನೀರು" ಎಂಬುದು ಬರುತ್ತದೆ. ಮನೆಯ ಔಷಧಿ, ಅಪಾಯದ ವಸ್ತುಗಳಿಗೆ ಬೀಗ ಹಾಕುವ ಮಾತನ್ನು ಪೋಷಕರಿಗೆ ಎದುರು ಕೂತು ಹೇಳಬೇಕು. ಚೀಟಿ ಕಳಿಸಿದರೆ ಬೀಗ ಬೀಳುವುದಿಲ್ಲ.

ಇನ್ನು ದುಡ್ಡು. ಮೊದಲ ವರ್ಷ ಮುಕ್ಕಾಲು ಪಾಲು ಪೋಸ್ಟರ್, ಅತಿಥಿ ಭಾಷಣಕ್ಕೆ ಹೋಯಿತು. ಭಾಷಣದ ಮರುದಿನ ಮಾತಾಡಲು ಬಂದವರು ಒಬ್ಬರೋ ಇಬ್ಬರೋ. ಈಗ ಹೆಚ್ಚಿನ ಪಾಲು ಬದಲಿ ಶಿಕ್ಷಕರಿಗೆ: ಅವರು ತರಗತಿ ನೋಡಿಕೊಂಡರೆ ಮಾತಾಡುವವರಿಗೆ ಬಿಡುವು ಸಿಗುತ್ತದೆ. ಯುರೋಪಿನ 10 ದೇಶಗಳ 168 ಶಾಲೆಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ಸೇಯ್ಲ್ ಅಧ್ಯಯನದಲ್ಲೂ, ಒಂದು ವರ್ಷದ ನಂತರ ಆತ್ಮಹತ್ಯಾ ಯತ್ನಗಳನ್ನು ಗಣನೀಯವಾಗಿ ತಗ್ಗಿಸಿದ್ದು ಮಕ್ಕಳೇ ಪಾತ್ರ ಹಾಕಿ ಚರ್ಚಿಸುವ ಕಾರ್ಯಕ್ರಮ. ಬರೀ ಶಿಕ್ಷಕರ ತರಬೇತಿಯಿಂದಾಗಲಿ ಬರೀ ತಪಾಸಣೆಯಿಂದಾಗಲಿ ಅಂಥ ಇಳಿಕೆ ಕಾಣಲಿಲ್ಲ. ಅದನ್ನು ಓದಿ ಪಾತ್ರಾಭಿನಯದ ಅವಧಿಗಳನ್ನೂ ಸೇರಿಸಿದೆವು. ತಾವಾಗಿ ಬರುವವರು ಸುಮಾರು ಮೂರು ಪಟ್ಟಾದರು.

ಇದರ ಜೊತೆಗೇ ಇನ್ನೊಂದು ಪ್ರಯೋಗ ನಡೆದಿದೆ. ತಲೆನೋವು, ಹೊಟ್ಟೆನೋವು ಎಂದು ಪದೇ ಪದೇ ವಿಶ್ರಾಂತಿ ಕೋಣೆಗೆ ಬರುವವರ ಪುಸ್ತಕವನ್ನು ಹಾಜರಿ ಪುಸ್ತಕದ ಜೊತೆ ತಿಂಗಳಿಗೊಮ್ಮೆ ಹೋಲಿಸುವುದು. ಅಳುವ ಮಗು ಹೇಗೂ ಕಣ್ಣಿಗೆ ಬೀಳುತ್ತದೆ. ಎರಡು ವಾರದಿಂದ ಎಲ್ಲದಕ್ಕೂ ಸಿಡುಕುತ್ತಿರುವ, "ಪುಂಡ" ಎಂದು ಹೆಸರು ಬಿದ್ದ ಹುಡುಗ ಆ ಪುಸ್ತಕಗಳಲ್ಲೇ ಮೊದಲು ಕಂಡ.